ಮದ್ರಾಸಿನಲ್ಲಿ ಸಿಕ್ಕ ‘ಏಷ್ಯಾ’: ಒಂದು ಚುಕ್ಕಿ ನೋಡಿ ಅದರ ದಾರಿ ಹೇಳುವುದು ಹೇಗೆ?

ಚುಕ್ಕಿಪ್ರಿಯ
ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಅಪರೂಪ. ಈ ಸಲ ಸುಮ್ನೆ ಇರೋಕಾಗಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ವಾರ ರಜೆ ಹಾಕಿ ಶಿರಾ ಹತ್ತಿರದ ನಮ್ಮೂರಿಗೆ ಬಂದಿದ್ದೇನೆ. ಎಂಟಿಂಚಿನ ಟೆಲಿಸ್ಕೋಪ್ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಕೊಂಡು ಬಂತು. ಹೆಂಡತಿ, ಮಗ ಬಸ್ಸಿನಲ್ಲಿ ಬಂದರು. ಆ ವಿಷಯ ಇಲ್ಲಿ ಬೇಡ.

ತಾರಸಿ ಮೇಲೆ ಕೂತು, ಫೋನಿನ ನಕ್ಷೆ ನೋಡಿಕೊಂಡು, ಕನ್ಯಾ ರಾಶಿಯಲ್ಲಿ 67 ಏಷ್ಯಾ ಎಂಬ ಕ್ಷುದ್ರಗ್ರಹ ಹುಡುಕಿದೆ. ಮುಕ್ಕಾಲು ಗಂಟೆ ಹಿಡಿಯಿತು. ಕಂಡಿದ್ದು ಇಷ್ಟೇ: ನಾಲ್ಕು ನಕ್ಷತ್ರ ಗಾಳಿಪಟದ ಹಾಗೆ ನಿಂತಿವೆ, ಅದರ ಬಾಲ ಇರಬೇಕಾದ ಕಡೆ ಐದನೆಯ ಒಂದು ಮಸುಕು ಚುಕ್ಕಿ. ಇದೇನಾ ಕ್ಷುದ್ರಗ್ರಹ ಅನ್ನಿಸಿತು. ನೋಟ್‌ಬುಕ್ಕಿನಲ್ಲಿ ಐದು ಚುಕ್ಕಿ ಇಟ್ಟು ಮಲಗಿದೆ.

ಮರುದಿನ ರಾತ್ರಿ 9:10ಕ್ಕೆ ನೋಡಿದರೆ ಗಾಳಿಪಟ ಹಾಗೇ ಇದೆ, ಬಾಲದ ಚುಕ್ಕಿ ಮಾತ್ರ ಜರುಗಿದೆ! ಪಶ್ಚಿಮದ ಕಡೆ ಒಂದು ಮಸುಕು ಜೋಡಿ ಇತ್ತು, ಅದರ ಪಕ್ಕ ಹೋಗಿ ಕೂತಿದೆ. ಒಬ್ಬನೇ ತಾರಸಿ ಮೇಲೆ ‘ಲೋ’ ಅಂದುಬಿಟ್ಟೆ. ಕೆಳಗಿಂದ ಅಪ್ಪ ‘ಯಾರೋ ಅದು’ ಅಂದರು.

ಈಗ ಪ್ರಶ್ನೆ. ಇದನ್ನು ನಾರ್ಮನ್ ಪಾಗ್ಸನ್ ಎಂಬವರು 1861ರ ಏಪ್ರಿಲ್ 17ರಂದು ಮದ್ರಾಸ್ ವೀಕ್ಷಣಾಲಯದಲ್ಲಿ ಕಂಡುಹಿಡಿದರಂತೆ. ಏಷ್ಯಾ ಖಂಡದಿಂದ ಸಿಕ್ಕ ಮೊದಲ ಕ್ಷುದ್ರಗ್ರಹ, ಅದಕ್ಕೇ ಆ ಹೆಸರು. ಸರಿ. ಆದರೆ ಜರುಗುವ ಚುಕ್ಕಿ ನೋಡಿದ್ದು ನಾನೂನೂ. ಅದು ಸೂರ್ಯನ ಸುತ್ತ 3.77 ವರ್ಷಕ್ಕೊಮ್ಮೆ ಸುತ್ತುತ್ತದೆ, ಇಷ್ಟು ದೂರದಲ್ಲಿದೆ ಅಂತ ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಹೇಗೆ ಗೊತ್ತು ಮಾಡಿಕೊಂಡರು? ದೂರ ಅಳೆಯಲು ಏನೂ ಇರಲಿಲ್ಲ ಅಲ್ವಾ?

ಹಳ್ಳಿಮನೆ
ಮೊದಲು ಇದು ಹೇಳಿ, ಭೂಮಿಗೆ ಬೀಳುತ್ತಾ?

ಲೆಕ್ಕದ ಮೇಷ್ಟ್ರು
ಬೀಳಲ್ಲ ಸ್ವಾಮಿ. ಸೂರ್ಯನಿಗೆ ಅತಿ ಹತ್ತಿರ ಬಂದಾಗಲೂ ಅದು ಸುಮಾರು 29 ಕೋಟಿ ಕಿ.ಮೀ. ದೂರದಲ್ಲಿರುತ್ತದೆ, ನಾವು 15 ಕೋಟಿಯಲ್ಲಿ. ದೂರ ಹೋದಾಗ ಅದು 43 ಕೋಟಿ. ಮಂಗಳ ಮತ್ತು ಗುರುವಿನ ನಡುವಿನ ಮುಖ್ಯ ಪಟ್ಟಿಯ ಒಳ ಅಂಚಿನ ಕಡೆ ಇರುವ, ಸುಮಾರು 58 ಕಿ.ಮೀ. ಅಡ್ಡಗಲದ ಕಲ್ಲು. ನೆಮ್ಮದಿಯಾಗಿ ಮಲಗಿ.

ಚುಕ್ಕಿಪ್ರಿಯ ಅವರೇ, ನಿಮ್ಮ ಪ್ರಶ್ನೆ ಬಹಳ ಒಳ್ಳೆಯದು. ನಾಳೆ ಕೂತು ಬರೆಯುತ್ತೇನೆ. ಉತ್ತರಪತ್ರಿಕೆ ಒಂದು ಕಟ್ಟು ಬಾಕಿ ಇದೆ.

ಪಂಚಾಂಗಪ್ರಿಯ
ಪಶ್ಚಿಮಕ್ಕೆ ಹೋಯಿತು ಅಂದಿರಿ. ಗ್ರಹ ಪೂರ್ವಕ್ಕೆ ನಡೆಯಬೇಕು. ಪಶ್ಚಿಮಕ್ಕೆ ಹೋದರೆ ವಕ್ರಿ. ಹಾಗಾದರೆ ನಿಮ್ಮ ಕಲ್ಲು ಈಗ ವಕ್ರಿಯಾಗಿದೆ.

ಲೆಕ್ಕದ ಮೇಷ್ಟ್ರು
ಭೇಷ್. ಹೌದು, ವಕ್ರಿಯೇ. ಸೂರ್ಯ ಆ ಕಡೆ, ಏಷ್ಯಾ ಈ ಕಡೆ, ನಡುವೆ ನಾವು. ಆಗ ಭೂಮಿ ಸೆಕೆಂಡಿಗೆ ಸುಮಾರು 30 ಕಿ.ಮೀ. ವೇಗದಲ್ಲಿ ಓಡುತ್ತದೆ, ಅದು ಸುಮಾರು 19ರಲ್ಲಿ. ಪಕ್ಕದ ಹಳಿಯ ಗೂಡ್ಸ್ ಗಾಡಿಯನ್ನು ನಮ್ಮ ಎಕ್ಸ್‌ಪ್ರೆಸ್ ದಾಟುವಾಗ ಅದು ಹಿಂದಕ್ಕೆ ಹೋದ ಹಾಗೆ ಕಾಣುತ್ತದಲ್ಲ, ಅದೇ ಕಥೆ. ಈ ಹೊತ್ತಿನಲ್ಲಿ ಅದು ದಿನಕ್ಕೆ ಸರಿಸುಮಾರು ಹುಣ್ಣಿಮೆ ಚಂದ್ರನ ಅರ್ಧ ಅಗಲದಷ್ಟು ಜರುಗುತ್ತದೆ. ಏಷ್ಯಾ ಹೀಗೆ ನಮ್ಮೆದುರು ಬರುವುದು ಸುಮಾರು 16 ತಿಂಗಳಿಗೊಮ್ಮೆ.

ಬೆಟ್ಟದಹಳ್ಳಿ
ಇದರಲ್ಲಿ ಹೆಮ್ಮೆ ಪಡುವುದು ಏನಿದೆ? ಬ್ರಿಟಿಷ್ ಅಧಿಕಾರಿ ನಮ್ಮ ಆಕಾಶ ನೋಡಿದ, ನಮ್ಮ ಖಂಡದ ಹೆಸರು ಇಟ್ಟ. ಪಕ್ಕದಲ್ಲಿ ಕೂತು ದುಡಿದ ನಮ್ಮವರ ಹೆಸರು ಯಾರಿಗೂ ಗೊತ್ತಿಲ್ಲ. ಎಲ್ಲ ಕಡೆ ಇದೇ ಹಾಡು.

ಕಡತದ ಹುಳ
ಬೆಟ್ಟದಹಳ್ಳಿ, ನಿಮ್ಮ ಸಿಟ್ಟು ಅರ್ಧ ಸರಿ. ಹೆಸರು ಗೊತ್ತಿದೆ, ನಾವು ಹೇಳುವುದಿಲ್ಲ ಅಷ್ಟೇ. ಚಿಂತಾಮಣಿ ರಘುನಾಥಾಚಾರಿ. ಪಾಗ್ಸನ್ ಬರುವುದಕ್ಕೂ ಎಷ್ಟೋ ಮೊದಲಿನಿಂದ ಮದ್ರಾಸ್ ವೀಕ್ಷಣಾಲಯದಲ್ಲಿದ್ದವರು. 1867ರಲ್ಲಿ ರೆಟಿಕ್ಯುಲಮ್ ಎಂಬ ದಕ್ಷಿಣದ ಪುಂಜದಲ್ಲಿ ಬೆಳಕು ಏರಿಳಿಯುವ ಒಂದು ನಕ್ಷತ್ರ ಗುರುತಿಸಿದರು. 1874ರ ಶುಕ್ರ ಸಂಕ್ರಮಣದ (ಸೂರ್ಯನ ಮುಂದೆ ಶುಕ್ರ ಹಾದುಹೋಗುವುದು) ಬಗ್ಗೆ ಜನರಿಗೆ ತಿಳಿಯಲಿ ಅಂತ ಪುಸ್ತಿಕೆ ಬರೆದರು. ಪಂಚಾಂಗದ ಲೆಕ್ಕ ಆಕಾಶಕ್ಕೆ ತಾಳೆಯಾಗಬೇಕು ಅಂತ ಹಟ ಹಿಡಿದವರು. 1880ರಲ್ಲಿ ತೀರಿಕೊಂಡರು.

ಪಾಗ್ಸನ್ ಬಗ್ಗೆಯೂ ಒಂದು ಮಾತು. ಆತ 1861ರಲ್ಲಿ ಬಂದವನು 1891ರಲ್ಲಿ ಮದ್ರಾಸಿನಲ್ಲೇ ಸತ್ತ. ಮೂವತ್ತು ವರ್ಷ. ಮಗಳು ಐಸಿಸ್ ಕೂಡ ಅದೇ ವೀಕ್ಷಣಾಲಯದಲ್ಲಿ ಲೆಕ್ಕ ಹಾಕುವ ಕೆಲಸಕ್ಕಿದ್ದಳು. ಆಕೆಯ ಹೆಸರನ್ನು 1886ರಲ್ಲಿ ಲಂಡನ್ನಿನ ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿಗೆ ಸೂಚಿಸಿದರು, ಆಗಲಿಲ್ಲ. ಸದಸ್ಯತ್ವ ಸಿಕ್ಕಿದ್ದು 1920ರಲ್ಲಿ. ಹೆಸರು ಮುಚ್ಚಿಹೋದವರ ಪಟ್ಟಿಯಲ್ಲಿ ಅವಳನ್ನೂ ಸೇರಿಸಿಕೊಳ್ಳಿ.

ರಾತ್ರಿಪಾಳಿ
ಪಾಗ್ಸನ್ ಮದ್ರಾಸಿನಿಂದ ಎಂಟು ಕ್ಷುದ್ರಗ್ರಹ ಹಿಡಿದ ಅಂತ ಓದಿದ ನೆನಪು.

ಕಡತದ ಹುಳ
ಒಟ್ಟು ಎಂಟು, ಮದ್ರಾಸಿನಿಂದ ಐದು. ಮೊದಲ ಮೂರು ಆಕ್ಸ್‌ಫರ್ಡಿನಲ್ಲಿದ್ದಾಗ. ಮದ್ರಾಸಿನವು ಏಷ್ಯಾ, ಸ್ಯಾಫೋ, ಸಿಲ್ವಿಯಾ, ಕಮಿಲ್ಲಾ, ವೆರಾ. ಇದರಲ್ಲಿ ಸಿಲ್ವಿಯಾ ಮಜಾ ಇದೆ. 1866ರಲ್ಲಿ ಸಿಕ್ಕಿತು. 2001ರಲ್ಲಿ ಅದಕ್ಕೊಂದು ಚಂದ್ರ ಇದೆ ಅಂತ ಗೊತ್ತಾಯಿತು, 2005ರಲ್ಲಿ ಇನ್ನೊಂದು. ಎರಡು ಚಂದ್ರರಿರುವ ಕ್ಷುದ್ರಗ್ರಹ ಸಿಕ್ಕಿದ್ದು ಅದೇ ಮೊದಲು. ಕಮಿಲ್ಲಾಕ್ಕೂ ಎರಡು ಸಿಕ್ಕಿವೆ. ನುಂಗಂಬಾಕ್ಕಂನ ಸೆಕೆಯಲ್ಲಿ ಕೂತು ಪಾಗ್ಸನ್ ನೋಡಿದ ಚುಕ್ಕಿಗಳಲ್ಲಿ ಎರಡು ದೊಡ್ಡ ಸಂಸಾರಸ್ಥರು.

ಲೆಕ್ಕದ ಮೇಷ್ಟ್ರು
ಪತ್ರಿಕೆ ಕಟ್ಟು ಮುಗಿಯಿತು. ಈಗ ವಿಷಯಕ್ಕೆ ಬರೋಣ.

ರಾತ್ರಿ ಹೆದ್ದಾರಿಯಲ್ಲಿ ನಿಂತಿದ್ದೀರಿ. ದೂರದಲ್ಲಿ ಒಂದು ದೀಪ ಮೆಲ್ಲಗೆ ಜರುಗುತ್ತಿದೆ. ಹತ್ತಿರದ ಸೈಕಲ್ಲೋ, ದೂರದ ಲಾರಿಯೋ? ಒಂದು ಸಲ ನೋಡಿದರೆ ಗೊತ್ತಾಗುವುದಿಲ್ಲ. ಆಕಾಶದ ಚುಕ್ಕಿಯೂ ಹಾಗೇ. ಒಂದು ಸಲ ನೋಡಿದರೆ ಸಿಗುವುದು ಎರಡೇ ಸಂಖ್ಯೆ: ಆಕಾಶದಲ್ಲಿ ಎಷ್ಟು ಪೂರ್ವ-ಪಶ್ಚಿಮ, ಎಷ್ಟು ಉತ್ತರ-ದಕ್ಷಿಣ. ದೂರ ಸಿಗುವುದಿಲ್ಲ.

ಆದರೆ ಸೂರ್ಯನ ಸುತ್ತ ಒಂದು ಕಕ್ಷೆ ಪೂರ್ತಿ ಹೇಳಲು ಆರು ಸಂಖ್ಯೆ ಬೇಕು. ಕಕ್ಷೆ ಎಷ್ಟು ದೊಡ್ಡದು. ಎಷ್ಟು ಉದ್ದುದ್ದ. ಭೂಮಿಯ ಕಕ್ಷೆಗೆ ಎಷ್ಟು ಓರೆ. ಆ ಓರೆ ಯಾವ ದಿಕ್ಕಿಗೆ. ಸೂರ್ಯನಿಗೆ ಹತ್ತಿರವಾಗುವ ತುದಿ ಯಾವ ಕಡೆಗಿದೆ. ಇವತ್ತು ಆ ದಾರಿಯಲ್ಲಿ ಕಲ್ಲು ಎಲ್ಲಿದೆ. ಒಂದು ನೋಟಕ್ಕೆ ಎರಡು ಸಂಖ್ಯೆ, ಆರು ಬೇಕಾದರೆ ಮೂರು ನೋಟ. ಜೊತೆಗೆ ಪ್ರತಿ ನೋಟದ ಸಮಯ ಖಡಕ್ಕಾಗಿ ಗೊತ್ತಿರಬೇಕು, ಏಕೆಂದರೆ ಆ ಹೊತ್ತಿಗೆ ಭೂಮಿ ಎಲ್ಲಿತ್ತು ಅನ್ನುವುದರ ಮೇಲೆ ಇಡೀ ಲೆಕ್ಕ ನಿಂತಿದೆ. ನಾವು ನಿಂತಿರುವ ಹೆದ್ದಾರಿಯೂ ಓಡುತ್ತಿದೆ ಅಲ್ವಾ.

ಈ ದಾರಿ ತೋರಿಸಿದವನು ಜರ್ಮನಿಯ ಗಣಿತಜ್ಞ ಗೌಸ್. 1801ರ ಜನವರಿ 1ರಂದು ಸಿಸಿಲಿಯ ಪಲೆರ್ಮೊದಲ್ಲಿ ಪಿಯಾಜ್ಜಿ ಎಂಬವನು ಮೊಟ್ಟಮೊದಲ ಕ್ಷುದ್ರಗ್ರಹ ಸೀರಿಸ್ ಕಂಡ. ಫೆಬ್ರವರಿ 11ರವರೆಗೆ ನೋಡಿದ, ಆಮೇಲೆ ಅದು ಸೂರ್ಯನ ಬೆಳಕಿನಲ್ಲಿ ಕಳೆದುಹೋಯಿತು. ಎಲ್ಲಿ ಹುಡುಕುವುದು? 24 ವರ್ಷದ ಗೌಸ್ ಲೆಕ್ಕ ಹಾಕಿ ಇಲ್ಲಿ ನೋಡಿ ಅಂದ. ಆ ವರ್ಷದ ಕೊನೆಯ ರಾತ್ರಿ ಅಲ್ಲೇ ಸಿಕ್ಕಿತು. ಪಾಗ್ಸನ್ ಕಾಲಕ್ಕೆ ಈ ಲೆಕ್ಕ ಅರವತ್ತು ವರ್ಷ ಹಳೆಯದು. ಕೈಯಲ್ಲಿ ಲಾಗರಿದಮ್ ಕೋಷ್ಟಕ ಇಟ್ಟುಕೊಂಡು ಪುಟಗಟ್ಟಲೆ ಬರೆಯಬೇಕಿತ್ತು ಅಷ್ಟೇ.

ಸೂರ್ಯನಿಂದ ದೂರ ಸಿಕ್ಕ ಮೇಲೆ ಸುತ್ತುವ ಕಾಲ ಸುಲಭ, ಕೆಪ್ಲರ್ ನಿಯಮ. ಏಷ್ಯಾದ ಸರಾಸರಿ ದೂರ ಭೂಮಿಯ ದೂರದ 2.42 ಪಟ್ಟು. ಫೋನ್ ತೆಗೆದು 2.42 ಅನ್ನು ಮೂರು ಸಲ ಗುಣಿಸಿ, 14.17 ಬರುತ್ತದೆ. ವರ್ಗಮೂಲ ತೆಗೆಯಿರಿ. 3.76. ನಾನು 2.42 ಅಂತ ಸ್ವಲ್ಪ ಕತ್ತರಿಸಿದ್ದಕ್ಕೆ ಒಂದು ಅಂಕಿ ಕಡಿಮೆ ಬಂತು, ಇಲ್ಲದಿದ್ದರೆ ನಿಮ್ಮ 3.77.

ರಾತ್ರಿಪಾಳಿ
ಈಗ ತಾನೇ ಮಾಡಿ ನೋಡಿದೆ. ಬಂತು! ಮಂಗಳನಿಗೆ 1.88 ವರ್ಷ ಅಲ್ವಾ, ಇದು ಹೆಚ್ಚುಕಮ್ಮಿ ಅದರ ಎರಡರಷ್ಟು. ಮಂಗಳ ಎರಡು ಸುತ್ತು ಬರುವಷ್ಟರಲ್ಲಿ ಏಷ್ಯಾ ಒಂದು ಸುತ್ತು.

ಹಳ್ಳಿಮನೆ
ಮೇಷ್ಟ್ರೇ, ಎರಡೇ ರಾತ್ರಿ ನೋಡಿದ್ದರೆ ಏನೂ ಆಗಲ್ವಾ? ನಾಲ್ಕು ಸಂಖ್ಯೆ ಕೈಯಲ್ಲಿರುತ್ತದಲ್ಲ.

ಲೆಕ್ಕದ ಮೇಷ್ಟ್ರು
ಹಳ್ಳಿಮನೆಯವರು ಬೀಳುತ್ತಾ ಅಂತ ಕೇಳಿದ್ದಕ್ಕಿಂತ ಇದು ಮೇಲು :) ಆಗುತ್ತದೆ, ಒಂದು ಸುಳ್ಳು ಹೇಳಿಕೊಂಡರೆ. ಕಕ್ಷೆ ಪೂರ್ತಿ ದುಂಡಗಿದೆ ಅಂದುಕೊಳ್ಳಿ. ಉದ್ದುದ್ದ ಎಷ್ಟು, ಹತ್ತಿರದ ತುದಿ ಯಾವ ಕಡೆ ಅನ್ನುವ ಎರಡು ಪ್ರಶ್ನೆ ತಾನಾಗಿ ಬಿದ್ದುಹೋಗುತ್ತವೆ. ಉಳಿದದ್ದು ನಾಲ್ಕು, ಎರಡು ನೋಟ ಸಾಕು. ಮುಂದಿನ ಕೆಲವು ರಾತ್ರಿ ಹುಡುಕಲು ಅಷ್ಟು ಸಾಕಾಗುತ್ತದೆ. ಕ್ಷುದ್ರಗ್ರಹಕ್ಕೆ ಈ ಸುಳ್ಳು ನಡೆಯುತ್ತದೆ. ಧೂಮಕೇತುವಿಗೆ ನಡೆಯುವುದಿಲ್ಲ, ಅದರ ದಾರಿ ದುಂಡಗಿನ ಹತ್ತಿರವೂ ಸುಳಿಯುವುದಿಲ್ಲ.

ಕಡತದ ಹುಳ
ಧೂಮಕೇತು ಅಂದಿರಿ, ಇನ್ನು ನನ್ನನ್ನು ತಡೆಯಬೇಡಿ. ಪಾಗ್ಸನ್ನನ ಜೀವನದಲ್ಲಿ ನನಗೆ ಅತಿ ಹೊಟ್ಟೆ ಉರಿಸುವ ಕಥೆ ಇದೇ.

ಬೀಲಾ ಅಂತ ಒಂದು ಧೂಮಕೇತು ಇತ್ತು. 1846ರಲ್ಲಿ ಜನ ನೋಡುತ್ತಿದ್ದಂತೆಯೇ ಎರಡು ಹೋಳಾಯಿತು. 1852ರಲ್ಲಿ ಎರಡೂ ಬಂದವು, ಆಮೇಲೆ ಪತ್ತೆ ಇಲ್ಲ. 1872ರ ನವೆಂಬರ್ 27ರ ರಾತ್ರಿ ಯುರೋಪಿನಲ್ಲಿ ಉಲ್ಕೆಗಳ ಸುರಿಮಳೆ. ಬೀಲಾದ ದಾರಿಯನ್ನು ಭೂಮಿ ದಾಟಿದ ಹೊತ್ತು ಅದು. ಜರ್ಮನಿಯ ಗಾಟಿಂಗನ್‌ನಲ್ಲಿ ಕ್ಲಿಂಕರ್‌ಫ್ಯೂಸ್ ಎಂಬವರಿಗೆ ಹೊಳೆಯಿತು: ಉಲ್ಕೆ ಈ ಕಡೆಯಿಂದ ಬಂದಿದ್ದರೆ ಧೂಮಕೇತು ಈಗ ಆಕಾಶದ ಎದುರು ಭಾಗದಲ್ಲಿರಬೇಕು. ಅದು ದಕ್ಷಿಣದ ಆಕಾಶ, ಅವರಿಗೆ ಕಾಣದು. ಪಾಗ್ಸನ್‌ಗೆ ತಂತಿ ಹೊಡೆದರು. ಬೀಲಾ 27ಕ್ಕೆ ಭೂಮಿಗೆ ತಾಗಿತು, ಥೀಟಾ ಸೆಂಟಾರಿ ನಕ್ಷತ್ರದ ಹತ್ತಿರ ಹುಡುಕಿ, ಅಂತ.

ಪಾಗ್ಸನ್ ಹುಡುಕಿದ. ಡಿಸೆಂಬರ್ 2ರ ಬೆಳಗಿನ ಜಾವ ಆ ಜಾಗದ ಸುತ್ತಮುತ್ತ ನಿಜವಾಗಿಯೂ ಒಂದು ಧೂಮಕೇತು ಸಿಕ್ಕಿತು! 3ರಂದು ಮತ್ತೆ ನೋಡಿದ. ಆಮೇಲೆ ಮೋಡ. ಅದು ಮದ್ರಾಸ್, ತಿಂಗಳು ಡಿಸೆಂಬರ್, ಹಿಂಗಾರು. ಮೋಡ ಸರಿಯುವಷ್ಟರಲ್ಲಿ ಅದು ಹೋಗಿತ್ತು. ಇನ್ಯಾರೂ ನೋಡಲಿಲ್ಲ. ಅದು ಬೀಲಾನೇನಾ, ಬೇರೆ ಯಾವುದೋ ಧೂಮಕೇತುವಾ ಅಂತ ಲೆಕ್ಕದಿಂದ ತೀರ್ಮಾನಿಸಲು ಆಗಲೇ ಇಲ್ಲ. ಯಾಕೆ ಅಂತ ಈಗ ನಿಮಗೆಲ್ಲ ಗೊತ್ತು.

1861ರಲ್ಲಿ ಇಂಡಿಯಾದಿಂದ ಇಂಗ್ಲೆಂಡಿಗೆ ತಂತಿಯೇ ಇರಲಿಲ್ಲ. ಏಷ್ಯಾ ಸಿಕ್ಕಿದ ಸುದ್ದಿ ಹಡಗಿನಲ್ಲಿ ಕಾಗದವಾಗಿ ಹೋಗಬೇಕಿತ್ತು. ಆ ಕಲ್ಲನ್ನು ನೂರಾರು ಸಲ ನೋಡಿದ್ದಾರೆ, ಇವತ್ತು ಶಿರಾದ ತಾರಸಿಯಿಂದಲೂ ಕಾಣುತ್ತದೆ. ತಂತಿ ಹೊಡೆದು ಹಿಡಿದ ಧೂಮಕೇತು ಎರಡು ರಾತ್ರಿಗೆ ಮುಗಿದುಹೋಯಿತು.

ಪಂಚಾಂಗಪ್ರಿಯ
ಇದಕ್ಕೇ ನೋಡಿ ಡಿಸೆಂಬರಿನಲ್ಲಿ ಮದ್ರಾಸಿಗೆ ಕಚೇರಿ ಕೇಳಲು ಮಾತ್ರ ಹೋಗಬೇಕು.

ಮಂಡ್ಯದಮ್ಮ
ನಡುವೆ ಬಾಯಿ ಹಾಕುತ್ತೇನೆ, ಬೇಜಾರು ಮಾಡ್ಕೋಬೇಡಿ. ನನ್ನ ಮಗಳು ಎಂಟನೇ ಕ್ಲಾಸು. ಅವಳ ಶಾಲೆಯಲ್ಲಿ ಒಂದು ಆನ್‌ಲೈನ್ ಅಭಿಯಾನ ಮಾಡಿಸಿದರು. ಕಂಪ್ಯೂಟರಿನಲ್ಲಿ ಒಂದೇ ಜಾಗದ ನಾಲ್ಕು ಫೋಟೊ, ಒಂದಾದ ಮೇಲೊಂದು ಮಿಣುಕಿಸಿ ನೋಡಿ, ಜರುಗುವ ಚುಕ್ಕಿ ಗುರುತು ಹಾಕುವುದು. ಪ್ರಮಾಣಪತ್ರ ಬಂತು. ಶಾಲೆಯವರು ಗೇಟಿಗೆ ಬ್ಯಾನರ್ ಕಟ್ಟಿದರು, ‘ಕ್ಷುದ್ರಗ್ರಹ ಕಂಡುಹಿಡಿದ ಬಾಲೆ’ ಅಂತ. ಈಗ ಮಗಳು ದಿನಾ ಕೇಳುತ್ತಾಳೆ, ಅದಕ್ಕೆ ನನ್ನ ಹೆಸರು ಯಾವಾಗ ಇಡ್ತಾರೆ ಅಂತ. ಏನು ಹೇಳಲಿ?

ಬೆಟ್ಟದಹಳ್ಳಿ
ಬ್ಯಾನರ್ ಕಟ್ಟಿದವರನ್ನು ಕೇಳಿ ಅಕ್ಕ. ಅಡ್ಮಿಷನ್ ಸೀಸನ್ ಇರಬೇಕು.

ರಾತ್ರಿಪಾಳಿ
ಅಕ್ಕ, ನಾನೂ ಅಂಥ ಅಭಿಯಾನ ಎರಡು ಸಲ ಮಾಡಿದ್ದೇನೆ. ಮಗಳು ಮಾಡಿದ್ದು ನಿಜವಾದ ಕೆಲಸ, ಆಟವಲ್ಲ. ಆದರೆ ಅದು ಮೊದಲ ಮೆಟ್ಟಿಲು. ಅವಳ ಚುಕ್ಕಿಯನ್ನು ಬೇರೆ ರಾತ್ರಿಗಳಲ್ಲೂ ಯಾರಾದರೂ ನೋಡಬೇಕು, ಆಗ ತಾತ್ಕಾಲಿಕ ಹೆಸರು. ಆಮೇಲೆ ಹಲವು ವರ್ಷ, ಅದು ಮತ್ತೆ ಮತ್ತೆ ಎದುರು ಬಂದಾಗೆಲ್ಲ ನೋಡಿ, ಕಕ್ಷೆ ಗಟ್ಟಿ ಆಗಬೇಕು. ಗಟ್ಟಿ ಆದರೆ ಕ್ರಮಸಂಖ್ಯೆ. ಸಂಖ್ಯೆ ಸಿಕ್ಕಮೇಲೆ ಹೆಸರಿನ ಮಾತು.

ಒಂದು ಉದಾಹರಣೆ ಹೇಳಿ ಅವಳಿಗೆ. ಕವಲೂರು ಗೊತ್ತಲ್ಲ, ತಮಿಳುನಾಡಿನ ಜವ್ವಾದಿ ಬೆಟ್ಟದಲ್ಲಿ, ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ ನಡೆಸುವ ವೀಕ್ಷಣಾಲಯ. ಅಲ್ಲಿ ರಾಜಮೋಹನ್ ಅವರು 1988ರ ಫೆಬ್ರವರಿ 17ರಂದು ಒಂದು ಕ್ಷುದ್ರಗ್ರಹ ಹಿಡಿದರು. ಪಾಗ್ಸನ್ನನ ವೆರಾ ಸಿಕ್ಕಿದ್ದು 1885ರಲ್ಲಿ, ಅಂದರೆ 103 ವರ್ಷ ಆದಮೇಲೆ. ಮೊದಲಿಗೆ ಅದಕ್ಕೆ ಸಿಕ್ಕ ಹೆಸರು 1988 ಡಿಕ್ಯೂ1. ನೋಡಲು ಗಾಡಿ ನಂಬರಿನ ಹಾಗಿದೆ, ಆದರೆ ಓದಬಹುದು. ವರ್ಷವನ್ನು ಅರ್ಧರ್ಧ ತಿಂಗಳಾಗಿ ಕತ್ತರಿಸಿ ಅಕ್ಷರ ಕೊಡುತ್ತಾರೆ. ಜನವರಿ ಮೊದಲರ್ಧ ಎ, ಎರಡನೆಯದು ಬಿ, ಹೀಗೆ. ಫೆಬ್ರವರಿ ಎರಡನೇ ಅರ್ಧ ಡಿ. ಉಳಿದ ಅಕ್ಷರ ಮತ್ತು ಸಂಖ್ಯೆ ಆ ಅರ್ಧ ತಿಂಗಳಲ್ಲಿ ಎಷ್ಟನೆಯದು ಅಂತ. ಕ್ಯೂ1 ಅಂದರೆ 41ನೆಯದು. ಮುಂದೆ ಸಂಖ್ಯೆ ಸಿಕ್ಕಿತು, 4130. ಆಮೇಲೆ ಹೆಸರು, ರಾಮಾನುಜನ್.

ಪಂಚಾಂಗಪ್ರಿಯ
ಅರ್ಧ ತಿಂಗಳು ಅಂದರೆ ನಮ್ಮ ಪಕ್ಷದ ಲೆಕ್ಕವೇ ಆಯಿತಲ್ಲ. ಚಂದ್ರ ಇಲ್ಲದ ಪಕ್ಷ.

ಮಂಡ್ಯದಮ್ಮ
ಗಾಡಿ ನಂಬರ್ ಅಂದಿದ್ದು ಅವಳಿಗೆ ಭಾರಿ ಹಿಡಿಸಿತು. ಈಗ ತನ್ನ ಹುಟ್ಟಿದಬ್ಬಕ್ಕೆ ಯಾವ ಅಕ್ಷರ ಬರುತ್ತದೆ ಅಂತ ಲೆಕ್ಕ ಹಾಕುತ್ತಿದ್ದಾಳೆ. ತುಂಬಾ ಥ್ಯಾಂಕ್ಸ್ ತಮ್ಮ.

ಲೆಕ್ಕದ ಮೇಷ್ಟ್ರು
ಐ ಅಕ್ಷರ ಬಿಟ್ಟುಬಿಡಲು ಹೇಳಿ. ಒಂದು ಅಂಕಿ ಹಾಗೆ ಕಾಣುತ್ತದೆ ಅಂತ ಬಳಸುವುದಿಲ್ಲ.

ಹಳ್ಳಿಮನೆ
ಚುಕ್ಕಿಪ್ರಿಯ ಸರ್, ಮಸುಕು ಅಂದಿರಲ್ಲ, ಎಷ್ಟು ಮಸುಕು? ಬೈನಾಕ್ಯುಲರಿಗೆ ಸಿಗುತ್ತಾ?

ಚುಕ್ಕಿಪ್ರಿಯ
ಈ ಸಲ ಹನ್ನೊಂದರ ಆಸುಪಾಸಿನ ಮ್ಯಾಗ್ನಿಟ್ಯೂಡ್ (ಬೆಳಕಿನ ದರ್ಜೆ, ಅಂಕಿ ಹೆಚ್ಚಿದಷ್ಟೂ ಮಸುಕು). ಮಾಮೂಲಿ ಬೈನಾಕ್ಯುಲರಿಗೆ ಸಿಗಲ್ಲ. ಅದು ಸೂರ್ಯನಿಗೆ ಹತ್ತಿರ ಇರುವಾಗ ನಮ್ಮೆದುರು ಬಂದರೆ ಹತ್ತರ ತನಕ ಏರುತ್ತದೆ.

ಕಡತದ ಹುಳ
ಆ ಅಳತೆಯೂ ಪಾಗ್ಸನ್ನನದೇ, ಗೊತ್ತಾ? ನಕ್ಷತ್ರಗಳನ್ನು ಒಂದನೇ ದರ್ಜೆ, ಎರಡನೇ ದರ್ಜೆ ಅಂತ ಗ್ರೀಕರ ಕಾಲದಿಂದ ಕಣ್ಣಂದಾಜಿನಲ್ಲಿ ವಿಂಗಡಿಸುತ್ತಿದ್ದರು. ಐದು ದರ್ಜೆಗೆ ಬೆಳಕಿನಲ್ಲಿ ಸರಿಯಾಗಿ ನೂರು ಪಟ್ಟು ವ್ಯತ್ಯಾಸ ಅಂತ ಇಟ್ಟುಕೊಳ್ಳೋಣ ಅಂದವನು ಅವನು, 1856ರಲ್ಲಿ. ಒಂದು ದರ್ಜೆಗೆ 2.512 ಪಟ್ಟು. ಬರಿಗಣ್ಣಿಗೆ ಕತ್ತಲೆ ಊರಲ್ಲಿ ಆರರ ತನಕ ಕಾಣುತ್ತದೆ. ಹನ್ನೊಂದು ಅಂದರೆ ಅದಕ್ಕಿಂತ ಐದು ಕೆಳಗೆ. ನೂರು ಪಟ್ಟು ಮಸುಕು.

ಚುಕ್ಕಿಪ್ರಿಯ
ವರದಿ. ಮೂರನೇ ರಾತ್ರಿ ಕೈಕೊಟ್ಟಿತು. ಸಂಜೆ ಐದಕ್ಕೇ ಪಶ್ಚಿಮದಲ್ಲಿ ಕಪ್ಪಾಯಿತು, ಗುಡುಗು, ಆಮೇಲೆ ಅಶ್ವಿನಿ ಮಳೆ ಒಂದು ಗಂಟೆ ಹೊಡೆಯಿತು. ಟೆಲಿಸ್ಕೋಪನ್ನು ಗೋಣಿಚೀಲ ಹೊದಿಸಿ ಹಜಾರಕ್ಕೆ ತಂದೆ. ಅಪ್ಪನಿಗೆ ಖುಷಿಯೋ ಖುಷಿ, ನಾಳೆ ನೇಗಿಲು ಹೂಡಬಹುದಂತೆ. ನಾನು ಪಾಗ್ಸನ್‌ನನ್ನು ನೆನೆದುಕೊಂಡು ಕೂತೆ.

ಅದರ ಮರುದಿನ ಆಕಾಶ ತೊಳೆದಿಟ್ಟ ಹಾಗಿತ್ತು. ಸಿಕ್ಕಿತು, ರಾತ್ರಿ 8:50. ಮಸುಕು ಜೋಡಿಯನ್ನೂ ಬಿಟ್ಟು ಮುಂದೆ ಹೋಗಿದೆ. ಮೂರು ನೋಟ ಆಯಿತು ಮೇಷ್ಟ್ರೇ! ಲೆಕ್ಕ ಶುರು ಮಾಡೋಣವಾ?

ಲೆಕ್ಕದ ಮೇಷ್ಟ್ರು
ಮೊದಲ ರಾತ್ರಿಯದು ಎಷ್ಟು ಗಂಟೆಗೆ?

ಚುಕ್ಕಿಪ್ರಿಯ
...ಬರೆದಿಲ್ಲ. ಊಟ ಆದಮೇಲೆ. ಒಂಬತ್ತೂವರೆ, ಹತ್ತು ಇರಬಹುದು.

ಲೆಕ್ಕದ ಮೇಷ್ಟ್ರು
‘ಊಟ ಆದಮೇಲೆ’ ಅನ್ನುವುದನ್ನು ಗೌಸ್ ಒಪ್ಪುವುದಿಲ್ಲ ಕಣಪ್ಪ. ನಿಮ್ಮ ಹತ್ತಿರ ಇರುವುದು ಎರಡೇ.

ಬೆಟ್ಟದಹಳ್ಳಿ
ಹಹಹ. ದುಂಡಗಿದೆ ಅಂತ ಸುಳ್ಳು ಹೇಳಿಕೊಳ್ಳಿ.

ಚುಕ್ಕಿಪ್ರಿಯ
ನಾಳೆ ಬೆಳಗ್ಗೆ ಬೆಂಗಳೂರಿಗೆ ವಾಪಸ್. ನಮ್ಮ ಅಪಾರ್ಟ್‌ಮೆಂಟಿನ ತಾರಸಿಯಿಂದ ಹನ್ನೊಂದು ಬಿಡಿ, ನಾಲ್ಕೂ ಕಾಣಲ್ಲ. ಯಾರಾದರೂ ಕತ್ತಲೆ ಊರಿನವರು ಒಂದು ನೋಟ ದಾನ ಮಾಡುತ್ತೀರಾ? ನೋಟ್‌ಬುಕ್ಕಿನ ಪುಟ ಫೋಟೊ ಹಾಕಿದ್ದೇನೆ.

ರಾತ್ರಿಪಾಳಿ
ನಾನು ಹೊಸದುರ್ಗದಲ್ಲಿದ್ದೇನೆ. ಹತ್ತಿಂಚಿನದು ಇದೆ. ಇವತ್ತು ಪಾಳಿ ಇಲ್ಲ. ನೋಡುತ್ತೇನೆ ಅಣ್ಣ.

ರಾತ್ರಿಪಾಳಿ
ಸಿಕ್ಕಿತು. ರಾತ್ರಿ 9:24. ನಿಮ್ಮ ಗಾಳಿಪಟದಿಂದ ಪಶ್ಚಿಮಕ್ಕೆ ಸುಮಾರು ಎರಡು ಚಂದ್ರನ ಅಗಲ. ಫೋಟೊ ತೆಗೆದಿದ್ದೇನೆ, ಚಿತ್ರದಲ್ಲಿ ಬಾಣದ ಗುರುತು ಹಾಕಿದ್ದೇನೆ. ಅರ್ಧ ಗಂಟೆ ಬಿಟ್ಟು ಇನ್ನೊಂದು ತೆಗೆಯುತ್ತೇನೆ. ಸದ್ಯಕ್ಕೆ ಮೋಡ ಇಲ್ಲ.